ಹಲಸಿನ ಹಲಗೆಗೆ ಎಣ್ಣೆ

ಜಗಳ ಶುರುವಾದದ್ದು, ಹಲಗೆಗೆ ಎಣ್ಣೆ ಹಚ್ಚಲು ಯಾರ ಹಳೆ ಬಟ್ಟೆ ಎನ್ನುವಲ್ಲಿಂದ.

ಈಶ್ವರಮಂಗಲದ ಗೌರೀಶಂಕರ ಭಟ್ಟರ ಅಡುಗೆಮನೆಯಲ್ಲಿ ಗ್ರಾನೈಟಿನ ಕಟ್ಟೆ ನಡುವೆ ಸೀಳಿ ವರ್ಷ ಕಳೆದಿತ್ತು. ಸೀಳಿನೊಳಗೆ ಅನ್ನದ ಅಗುಳು, ಅಗುಳಿಗೆ ಇರುವೆ, ಇರುವೆಗೆ ಹಾಕಿದ ಅರಸಿನ. ಹೊಸತಾಗಿ ಸೊಸೆಯಾಗಿ ಬಂದ ಗಾನಶ್ರೀಗೆ ಅದನ್ನು ಒರೆಸಿ ಒರೆಸಿ ಸಾಕಾಗಿ, "ಕೊಟ್ಟಿಗೆಯಲ್ಲಿ ಅಷ್ಟು ಹಲಗೆ ಉಂಟಲ್ಲ, ಅದನ್ನೇ ಹಾಕಿಸುವನಾ?" ಎಂದು ಗಂಡನನ್ನು ಕೇಳಿದಳು. ಹಳೆ ಮನೆ ಕಳಚಿದಾಗ ಅಟ್ಟದಿಂದ ಇಳಿಸಿದ ಹಲಸಿನ ಹಲಗೆಗಳು ಅವು. ಪುತ್ತೂರಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದ ಶ್ರೀರಾಮನಿಗೆ ಹೆಂಡತಿ ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಕಾಲ. ಬಡಗಿ ಬೆಳ್ಯಪ್ಪ ಬಂದು ಹಲಗೆ ಕೀಸಿ, ಜೋಡಿಸಿ, ಕೂರಿಸಿದ. ಹೋಗುವಾಗ, "ತೆಂಗಿನೆಣ್ಣೆ ಹಚ್ಚಬೇಡಿ ಅಕ್ಕ, ಅದು ಒಣಗುದೇ ಇಲ್ಲ. ಕಾಯಿಸಿದ ಅಗಸೆ ಎಣ್ಣೆ ತನ್ನಿ. ಒಂದು ವಾರ ದಿನಾ ಒಂದೊಂದು ಕೈ, ಮತ್ತೆ ವಾರಕ್ಕೊಂದು ಕೈ. ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಕುಡಿಸ್ಬೇಕು," ಎಂದ.

ಗಾನಶ್ರೀ ಗಂಡನ ಹಳೆ ಬನಿಯನ್ ಹಿಡಿದುಕೊಂಡು ಬಂದಳು. ಬಾಗಿಲಲ್ಲಿ ಗೋದಾವರಿಯಮ್ಮ ಕೂತಿದ್ದರು. ಅವರು ಭಟ್ಟರ ತಾಯಿ, ಮನೆಯ ಮಡಿ ಅವರ ಕೈಯಲ್ಲಿತ್ತು.

"ಅದೆಂತ ಕೈಯಲ್ಲಿ?"

"ಬನಿಯನ್ ಅಜ್ಜಿ. ಎಣ್ಣೆ ಹಚ್ಚಲಿಕ್ಕೆ."

"ದೇವರ ನೈವೇದ್ಯ ಇಳಿಸುವ ಹಲಗೆಗೆ ಗಂಡಸಿನ ಬನಿಯನಾ?"

"ತೊಳೆದದ್ದು ಅಜ್ಜಿ."

"ತೊಳೆದರೆ ಬನಿಯನ್ ಪಟ್ಟೆ ಸೀರೆ ಆಗ್ತದಾ?"

ಒಳಗಿಂದ ಅತ್ತೆ ರಾಜೀವಿ, "ಈ ಮನೆಯಲ್ಲಿ ಒಂದು ಒರೆಸುವ ಬಟ್ಟೆಗೂ ಸಭೆ ಆಗ್ಬೇಕು," ಎಂದು ಗೊಣಗಿದಳು. ಅವಳಿಗೆ ಅತ್ತೆಯ ಮಡಿಯೂ ಸಾಕಾಗಿತ್ತು, ಸೊಸೆಯ ಉತ್ಸಾಹವೂ ಸಾಕಾಗಿತ್ತು.

ಕೊನೆಗೆ ಅಜ್ಜಿ ತನ್ನ ಪೆಟ್ಟಿಗೆಯಿಂದ ಸವೆದ ಮಡಿಸೀರೆಯೊಂದನ್ನು ತೆಗೆದು ಪರಪರನೆ ಹರಿದು ಕೊಟ್ಟರು. ಹಚ್ಚುವುದು ಸೊಸೆ, ಬಟ್ಟೆ ಕಾಯುವುದು ಅಜ್ಜಿ ಎಂದು ರಾಜಿಯಾಯಿತು.

ಎಣ್ಣೆ ಬಿದ್ದಲ್ಲೆಲ್ಲ ಹಲಸಿನ ಹಳದಿ ಎದ್ದು ಬಂತು. ನೀರು ಸರಿದ ಹೊಳೆಯ ಮರಳಿನಲ್ಲಿ ಉಳಿದ ಗೆರೆಗಳ ಹಾಗೆ ಮರದ ಗೆರೆಗಳು ಒಂದೊಂದೇ ಕಂಡವು. ಗಾನಶ್ರೀ ಕೈ ನಿಲ್ಲಿಸದೆ ತಿಕ್ಕಿದಳು. ಅಜ್ಜಿ ಮಣೆಯ ಮೇಲೆ ಕೂತು ಕಥೆ ಹೇಳಿದರು. ಅವರ ಹತ್ತಿರ ಕಥೆಗೆ ಬರ ಇರಲಿಲ್ಲ.

"ನನ್ನ ಅಜ್ಜನ ಕಾಲದಲ್ಲಿ, ಕೇರಳದ ಗಡಿ ಆಚೆ ಒಂದು ಮನೆ. ಮದುಮಗಳು ಬಂದಳು. ಅವಳ ಹಿಂದೆಯೇ ಬೆಕ್ಕಿನ ಹಾಗೆ ಕುಟ್ಟಿಚಾತ್ತ ಅಂತ ಉಪದ್ರದ ಭೂತ ಒಂದು ಬಂತು. ಯಾರ ಕಣ್ಣಿಗೂ ಕಾಣುದಿಲ್ಲ. ಅನ್ನಕ್ಕೆ ಕಲ್ಲು ಬೀಳುದು, ಒಣಗಿ ಹಾಕಿದ ಬಟ್ಟೆ ತನ್ನಷ್ಟಕ್ಕೇ ಉರಿಯುದು."

"ತನ್ನಷ್ಟಕ್ಕೇ?"

"ಹೂಂ. ಕಡ್ಡಿ ಗೀರಿದವರಿಲ್ಲ. ಕೊನೆಗೆ ಹುಡುಗಿಯನ್ನು ತವರಿಗೆ ಕಳಿಸಿದ್ರು, ಅಲ್ಲಿಗೆ ನಿಂತಿತು."

"ಮತ್ತೆ ಹುಡುಗಿ ಏನಾದಳು?"

"ಅದು ಯಾರಿಗೆ ಗೊತ್ತು? ಕಥೆ ಆ ಮನೆಯದ್ದು."

ಕೆಲಸ ಮುಗಿದ ಮೇಲೆ ಅಜ್ಜಿ ಎಣ್ಣೆಬಟ್ಟೆಗಳನ್ನು ಒಂದರೊಳಗೆ ಒಂದು ಮಡಚಿ, ಒತ್ತಿ, ಮೊಸರಿನ ಗಂಟಿನ ಹಾಗೆ ಬಿಗಿಯಾಗಿ ಕಟ್ಟಿದರು. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಎಲ್ಲರ ಬಟ್ಟೆಯ ಜೊತೆ ಮೈಲಿಗೆ. ಹಿತ್ತಲಲ್ಲಿ ಹರವಿದರೆ ನಾಯಿಯೋ ಕಾಗೆಯೋ ಮುಟ್ಟುತ್ತದೆ. ಬಚ್ಚಲುಮನೆಯ ಅಟ್ಟದಲ್ಲಿ, ತಗಡಿನ ಮಾಡಿನ ಕೆಳಗೆ ಬಿದಿರಿನ ಬುಟ್ಟಿಯೊಂದಿತ್ತು. ಗಂಟನ್ನು ಅದರಲ್ಲಿಟ್ಟು ಮೇಲೆ ಬಾಳೆಲೆ ಮುಚ್ಚಿದರು. ನಾಳೆಗೆ ಮತ್ತೆ ಅದೇ ಬಟ್ಟೆ.

ಮಳೆಗಾಲಕ್ಕೆ ಇನ್ನೂ ದೂರವಿತ್ತು. ಮಧ್ಯಾಹ್ನ ತಗಡು ಮುಟ್ಟಿದರೆ ಕೈ ಸುಡುವಷ್ಟು ಕಾಯುತ್ತಿತ್ತು.

ಮೊದಲ ಬೆಂಕಿ ಆ ವಾರದ ಕೊನೆಯಲ್ಲಿ. ಊಟ ಮುಗಿಸಿ ಗಾನಶ್ರೀ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಬಚ್ಚಲುಮನೆಯ ಬಾಗಿಲ ಸಂದಿನಿಂದ ಹೊಗೆ ಬರುತ್ತಿತ್ತು. ಸೋಲಾರ್ ಹಾಕಿಸಿದ ಮೇಲೆ ಅಲ್ಲಿ ಒಲೆ ಉರಿಸುವ ಕ್ರಮವೇ ಇರಲಿಲ್ಲ. ಬಾಗಿಲು ನೂಕಿದಳು. ಗಳದ ಮೇಲೆ ಒಣಗಿಸಿದ್ದ ಅಜ್ಜಿಯ ಮಡಿಸೀರೆ ಉದ್ದಕ್ಕೂ ಉರಿಯುತ್ತಿತ್ತು. ಸೆರಗಿನಿಂದ ಉರಿಯುವ ಚೂರುಗಳು ನೆಲಕ್ಕೆ ಬೀಳುತ್ತಿದ್ದವು.

ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಸಫಿಯಮ್ಮ ಕೂಡ ಕಾಂಪೌಂಡ್ ಗೋಡೆಯ ಬಳಿಗೆ ಓಡಿ ಬಂದಳು. ರಾಜೀವಿ ಕೊಡದಲ್ಲಿ ನೀರು ಎತ್ತಿ ಎರಚಿದಳು. ಸೀರೆ ಹೋಯಿತು, ಗಳದ ಅರ್ಧ ಕರಿಯಾಯಿತು, ಮೇಲಿನ ಅಟ್ಟದ ಬುಟ್ಟಿ ಬೂದಿಯಾಗಿ ಉದುರಿತು. ಬುಟ್ಟಿಯನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ನೋಡಿದ್ದು ಸೀರೆಯನ್ನು.

"ವೈರ್ ಏನಾದ್ರೂ ಶಾರ್ಟ್ ಆಗಿರ್ಬೇಕು," ಎಂದ ಶ್ರೀರಾಮ ಸಂಜೆ.

"ಬಚ್ಚಲಲ್ಲಿ ವೈರ್ ಎಲ್ಲಿ ಉಂಟು ಮಾರಾಯ? ಬಲ್ಬು ಹೊರಗೆ," ಎಂದರು ಭಟ್ಟರು.

"ಬೀಡಿ?"

"ಯಾರು, ನಿನ್ನ ಅಜ್ಜಿ ಎಳೀತಾರಾ?"

ಗೋದಾವರಿಯಮ್ಮ ಅಂದು ರಾತ್ರಿ ಊಟಕ್ಕೆ ಏಳಲಿಲ್ಲ. ಮರುದಿನ ಸಂಜೆ, ಮೊದಲು ಹರಿದಿದ್ದ ಹಳೆ ಸೀರೆಯಲ್ಲಿ ಉಳಿದ ತುಂಡು ತೆಗೆದು ಮತ್ತೆ ಎಣ್ಣೆಗೆ ಕೊಟ್ಟರು. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದು. ಆದರೆ ಗಂಟನ್ನು ಈ ಸಲ ಬಚ್ಚಲಿಗೆ ಕೊಂಡುಹೋಗಲಿಲ್ಲ. ತನ್ನ ಕೋಣೆಯಲ್ಲಿ, ಮಂಚದ ಕಾಲ್ದೆಸೆಯ ಬೆತ್ತದ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಳ ಹಾಕಿದರು. ಕಣ್ಣೆದುರಿಗಿದ್ದರೆ ಯಾವ ಚಾತ್ತ ಮುಟ್ಟುತ್ತದೆ ನೋಡುವ ಎಂದರು.

ಮರುದಿನ ಮಧ್ಯಾಹ್ನ ಅಜ್ಜಿ ಜಗಲಿಯಲ್ಲಿ ವೀಳ್ಯ ಜಜ್ಜುತ್ತಿದ್ದರು. ಗಾನಶ್ರೀ ಒಣಗಿದ ಬಟ್ಟೆಗಳನ್ನು ಮಡಚಿ ಅಜ್ಜಿಯ ಮಂಚದ ಮೇಲಿಟ್ಟು ಬಂದಳು. ಬಂದು ಒಂದು ಲೋಟ ಮಜ್ಜಿಗೆ ಕುಡಿದಿದ್ದಳೋ ಇಲ್ಲವೋ, ಕೋಣೆಯಿಂದ ಸುಟ್ಟ ನಾತ ಬಂತು. ಹಾಸಿಗೆಯ ಕಾಲ್ದೆಸೆ ಉರಿಯುತ್ತಿತ್ತು. ಅವಳು ಈಗಷ್ಟೇ ಮಡಚಿಟ್ಟ ಬಟ್ಟೆಗಳ ಅಂಚು ಕೆಂಪಾಗಿ ಸುರುಟಿಕೊಳ್ಳುತ್ತಿತ್ತು.

ನಂದಿಸಿದ ಮೇಲೆ ಹೊಗೆಯ ನಡುವೆ ನಿಂತು ರಾಜೀವಿ ಕೇಳಿದಳು, "ಕಡೆಗೆ ಒಳಗೆ ಹೋದದ್ದು ಯಾರು?"

ಅವಳ ಕಣ್ಣು ಸೊಸೆಯ ಮೇಲಿತ್ತು.

"ಬಚ್ಚಲಲ್ಲಿ ಮೊದಲು ನೋಡಿದ್ದು ಯಾರು?"

"ಅತ್ತೆ, ನಾನು ಬಟ್ಟೆ ಇಟ್ಟು ಬಂದದ್ದಷ್ಟೆ."

"ನಾನು ಬೇರೆಂತ ಹೇಳಿದ್ದಾ? ಇಟ್ಟು ಬಂದದ್ದಷ್ಟೆ. ಅಷ್ಟಕ್ಕೇ ಉರಿದದ್ದು."

ಗೋದಾವರಿಯಮ್ಮ ಗೋಡೆ ಹಿಡಿದು ನಿಂತಿದ್ದರು. ಗಾನಶ್ರೀ ಅವರ ಕಡೆ ಒಂದು ಹೆಜ್ಜೆ ಇಟ್ಟಳು. ಅಜ್ಜಿ ಹಿಂದೆ ಸರಿದರು.

ಅದನ್ನು ಎಲ್ಲರೂ ನೋಡಿದರು.

ಅಂದಿನಿಂದ ಮನೆಯ ಕೆಲಸದ ಕ್ರಮವೇ ಬದಲಾಯಿತು. ಗಾನಶ್ರೀ ಒಲೆ ಹಚ್ಚಲು ಲೈಟರ್ ತೆಗೆದರೆ ರಾಜೀವಿ, "ಕೊಡು, ನಾನು ಹಚ್ತೇನೆ," ಎನ್ನುತ್ತಿದ್ದಳು. ದೇವರ ದೀಪದ ಬತ್ತಿ ಹೊಸೆಯುವ ಕೆಲಸ ಅವಳ ಕೈ ತಪ್ಪಿತು. ಬಟ್ಟೆ ಮಡಚುವ ಕೆಲಸವೂ ತಪ್ಪಿತು. ಊಟಕ್ಕೆ ಕೂತಾಗ ಭಟ್ಟರು ಸೊಸೆ ಬಡಿಸಿದ ಅನ್ನವನ್ನು ಒಂದು ಕ್ಷಣ ನೋಡಿ ಕಲಸುತ್ತಿದ್ದರು. ಶ್ರೀರಾಮ ಅದನ್ನು ಕಂಡ.

"ಅಪ್ಪ, ಎಂತ ನೋಡುದು? ಕಲ್ಲು ಉಂಟಾ ಅನ್ನದಲ್ಲಿ?"

"ನೀನು ಬಾಯಿ ಮುಚ್ಚಿ ಉಣ್ಣು."

"ಈಗಿನ ಕಾಲದಲ್ಲಿ ಇದನ್ನೆಲ್ಲ ನಂಬ್ತೀರಾ?"

"ಈಗಿನ ಕಾಲದ ಬೆಂಕಿ ಸುಡುದಿಲ್ವಾ?" ಭಟ್ಟರ ದನಿ ಏರಿತು. "ನಂದು ಅಡುಗೆಯ ಕೆಲಸ. ಜನರ ಮನೆಗೆ ಹೋಗಿ ಉಪನಯನಕ್ಕೆ, ತಿಥಿಗೆ ಅಡುಗೆ ಮಾಡುದು. ಅವನ ಮನೆಯಲ್ಲಿ ಚಾತ್ತನ ಉಪದ್ರ ಉಂಟಂತೆ ಅಂತ ಒಬ್ಬ ಹೇಳಿದರೆ ಸಾಕು, ಮತ್ತೆ ನನ್ನ ಸೌಟು ಯಾರು ಮುಟ್ಟಿಸಿಕೊಳ್ತಾರೆ?"

"ಹಾಗಾದ್ರೆ ಎಂತ ಮಾಡ್ತೀರಿ?"

"ಪ್ರಶ್ನೆ ಇಡಿಸುದು. ಗಡಿ ಆಚೆಯ ಜೋಯಿಸರಿಗೆ ಹೇಳಿ ಆಗಿದೆ. ಕವಡೆ ಹಾಕಿ ನೋಡಿ ಹೇಳ್ತಾರೆ, ಯಾರ ಬೆನ್ನಿಗೆ ಬಂದದ್ದು ಅಂತ."

"ಗಾನಶ್ರೀ ಅಂತ ಹೇಳಿದರೆ?"

ಭಟ್ಟರು ಅನ್ನ ಕಲಸುವುದನ್ನು ನಿಲ್ಲಿಸಿದರು. ಉತ್ತರ ರಾಜೀವಿಯಿಂದ ಬಂತು, ಮೆಲ್ಲಗೆ: "ಪ್ರಶ್ನೆಯಲ್ಲಿ ಹಾಗೆ ಕಂಡರೆ ಅವಳು ಇಲ್ಲಿ ಇರ್ಲಿಕ್ಕೆ ಆಗುದಿಲ್ಲ ಮಗಾ. ಅವಳಿಗೂ ಒಳ್ಳೇದಲ್ಲ, ನಮಗೂ ಅಲ್ಲ."

ಗಾನಶ್ರೀ ತಂಬುಳಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾರಿಗೂ ಬಡಿಸದೆ ಹಿಂದೆ ಹೋದಳು.

ಮರುದಿನ ಬೆಳಿಗ್ಗೆ ಶ್ರೀರಾಮ ಬೈಕಿನಲ್ಲಿ ಅವಳನ್ನು ಇಚಿಲಂಪಾಡಿಯ ತವರಿಗೆ ಬಿಟ್ಟು ಬಂದ. ಪ್ರಶ್ನೆಯ ದಿನದವರೆಗೆ ಮಾತ್ರ ಎಂದು ಹೇಳಿದ. ದಾರಿಯುದ್ದಕ್ಕೂ ಅವಳು ಗಂಡನ ಸೊಂಟ ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಿದ್ದಳು.

"ಬೀಳ್ತಿ ಮಾರಾಯ್ತಿ, ನನ್ನನ್ನು ಹಿಡ್ಕೊ."

"ಬೇಡ. ನಿಮ್ಮ ಅಂಗಿ..."

"ನನ್ನ ಅಂಗಿಗೆ ಎಂತ ಆಯ್ತು?"

ಅವಳು ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ತವರಿನಲ್ಲಿ ಅವಳ ನಡತೆ ತಾಯಿಗೆ ಅರ್ಥವಾಗಲಿಲ್ಲ. ಒಗೆದ ಬಟ್ಟೆಯ ರಾಶಿಯ ಹತ್ತಿರ ಸುಳಿಯುವುದಿಲ್ಲ. ಅಣ್ಣನ ಕೂಸು ಕೈ ಚಾಚಿಕೊಂಡು ಬಂದರೆ ಎತ್ತಿಕೊಳ್ಳುವುದಿಲ್ಲ. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಕೂಸು ಅತ್ತರೆ ತಾನೂ ಅಳುತ್ತಾಳೆ. ಮಲಗುವಾಗ ಅಂಗೈ ಎರಡನ್ನೂ ಚಾಪೆಯಿಂದ ಹೊರಗೆ, ತಣ್ಣಗಿನ ನೆಲದ ಮೇಲೆ ಇಡುತ್ತಾಳೆ.

"ನಿನ್ನ ಕೈಗೆ ಎಂತ ಆಗಿದೆ?" ತಾಯಿ ಗದರಿದಳು.

"ಅಮ್ಮ, ಸಣ್ಣದಿರುವಾಗ ನಾನು ಏನಾದ್ರೂ ಸುಟ್ಟದ್ದು ಉಂಟಾ?"

"ದೋಸೆ ಸುಟ್ಟಿದ್ದಿ. ದಿನಾ."

"ಸರಿಯಾಗಿ ಹೇಳು. ನಾನು ಮುಟ್ಟಿದ್ದು ಉರಿದದ್ದು ಉಂಟಾ?"

ತಾಯಿ ಅಕ್ಕಿ ಆರಿಸುವ ಗೆರಸೆಯನ್ನು ಬದಿಗಿಟ್ಟು ಮಗಳ ಮುಖ ನೋಡಿದಳು. "ಆ ಮನೆಯವರು ನಿನ್ನ ತಲೆಯಲ್ಲಿ ಎಂತ ತುಂಬಿಸಿ ಕಳಿಸಿದ್ದಾರೆ?"

"ನನ್ನ ಕಣ್ಣಾರೆ ನೋಡಿದ್ದೇನೆ ಅಮ್ಮ. ನಾನು ಮಡಚಿಟ್ಟ ಬಟ್ಟೆ. ಅಲ್ಲಿ ಬೇರೆ ಯಾರೂ ಇರ್ಲಿಲ್ಲ."

ಈಶ್ವರಮಂಗಲದಲ್ಲಿ ವಾರದ ಎಣ್ಣೆಯ ದಿನ ಬಂತು. ಹಚ್ಚದೆ ಬಿಟ್ಟರೆ ಹಲಗೆ ಒಡೆಯುತ್ತದೆ ಎಂದು ಬೆಳ್ಯಪ್ಪ ಹೆದರಿಸಿದ್ದರಿಂದ ರಾಜೀವಿಯೇ ಹಚ್ಚಿದಳು. ಅಜ್ಜಿ ಬಟ್ಟೆಗಳನ್ನು ಎಂದಿನಂತೆ ಗಂಟು ಕಟ್ಟಿದರು. ಬಚ್ಚಲು ಬೇಡ, ಕೋಣೆ ಬೇಡ. ಉಗ್ರಾಣದಲ್ಲಿ ಹಪ್ಪಳದ ಡಬ್ಬಗಳ ನಡುವೆ, ಖಾಲಿ ಗೋಣಿಗಳ ಮೇಲೆ ಇಟ್ಟರು.

ಮರುದಿನ ಶ್ರೀರಾಮ ಫೋನ್ ಮಾಡಿದಾಗ ಅವನ ದನಿ ಓಡಿ ಬಂದವನ ಹಾಗಿತ್ತು.

"ಗಾನಾ, ಕೇಳು. ಉಗ್ರಾಣದಲ್ಲಿ ಗೋಣಿ ಉರಿಯಿತು. ನೀನು ಇಲ್ಲದಿರುವಾಗ! ಗೊತ್ತಾಯ್ತಲ್ಲ? ನೀನಲ್ಲ ಅಂತ ಆಯ್ತಲ್ಲ?"

ಗಾನಶ್ರೀ ಗೋಡೆಗೆ ಒರಗಿ ಕುಳಿತಳು. ಎಷ್ಟೋ ದಿನಗಳ ಮೇಲೆ ಹೊಟ್ಟೆಯ ತನಕ ಉಸಿರು ಇಳಿಯಿತು. "ಯಾರಿಗೂ ಏನೂ ಆಗ್ಲಿಲ್ಲ ಅಲ್ವಾ? ಅಜ್ಜಿ ಏನು ಹೇಳಿದ್ರು?"

ಆ ಕಡೆ ಶ್ರೀರಾಮ ಕೆಮ್ಮಿದ.

"ಹೇಳಿ. ಅಜ್ಜಿ ಏನು ಹೇಳಿದ್ರು?"

"ಅದು... ನೀನು ಇಲ್ಲದ್ದಕ್ಕೆ ಅದು ನಿನ್ನನ್ನು ಹುಡುಕಿಕೊಂಡು ಬಂದದ್ದಂತೆ."

ಬೆಂಕಿ ಬಿದ್ದಾಗ ಅವಳಿದ್ದರೆ ಅವಳಿಂದ. ಇಲ್ಲದಿದ್ದರೆ ಅವಳಿಗಾಗಿ. ಅವಳು ಫೋನನ್ನು ನೆಲದ ಮೇಲಿಟ್ಟಳು. ಅದರೊಳಗೆ ಶ್ರೀರಾಮ ಇನ್ನೂ ಕರೆಯುತ್ತಿದ್ದ.

ಅದಾಗಿ ಎರಡು ದಿನಕ್ಕೆ ದನದ ಹಟ್ಟಿಯ ಗೊಬ್ಬರ ತೋಟಕ್ಕೆ ಹೊರುವ ಕೆಲಸ. ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ತಾಯಿ ಅವಳ ಕೈಗೆ ಬುಟ್ಟಿ ಕೊಟ್ಟು ಎಳೆದುಕೊಂಡು ಹೋದಳು. ಸೊಪ್ಪು, ಸೆಗಣಿ ಒಟ್ಟಿದ ರಾಶಿ ಎದೆಮಟ್ಟ ಇತ್ತು. ಗಾನಶ್ರೀ ಬಗ್ಗಿ ಎರಡೂ ಕೈ ತೂರಿಸಿದಳು. ಕಿರುಚಿ ಹಿಂದಕ್ಕೆ ಹಾರಿದಳು.

"ಎಂತ, ಹಾವಾ?"

"ಬಿಸಿ! ಅಮ್ಮ, ನಾನು ಕೈ ಇಟ್ಟ ಕೂಡಲೇ ಬಿಸಿ ಆಯ್ತು!" ಅವಳು ರಾಶಿಯತ್ತ ಬೆರಳು ತೋರಿಸಿದಳು. "ಹೊಗೆ ಬರ್ತಾ ಉಂಟು ನೋಡು!"

ತಾಯಿ ಬುಟ್ಟಿ ಕೆಳಗಿಟ್ಟಳು. ತನ್ನ ಕೈಯನ್ನು ರಾಶಿಯ ಬೇರೊಂದು ಬದಿಯಲ್ಲಿ ಮೊಣಕೈವರೆಗೆ ತೂರಿಸಿದಳು.

"ಇಲ್ಲಿ ನೀನು ಮುಟ್ಲಿಲ್ಲ ಅಲ್ವಾ? ಇಲ್ಲೂ ಬಿಸಿ. ಹಸಿ ಸೊಪ್ಪು ಒತ್ತಿ ಒಟ್ಟಿದರೆ ಒಳಗೆ ಬೇಯ್ತದೆ. ಹುಟ್ಟಿದಾರಭ್ಯ ನೋಡಿದ್ದಲ್ವ ನೀನು? ಹರಗಿ ಹಾಕು, ಗಾಳಿ ತಾಗಿದರೆ ಆರ್ತದೆ. ಮದುವೆಯಾದದ್ದೇ ಗೊಬ್ಬರದ ರಾಶಿಯೂ ಮರೆತು ಹೋಯ್ತಾ?"

ಗಾನಶ್ರೀ ಹರಗಿದ ಗೊಬ್ಬರವನ್ನು ನೋಡುತ್ತಾ ನಿಂತಳು. ಹಬೆ ತೆಳ್ಳಗಾಗಿ, ಇಲ್ಲದಾಯಿತು. ಕೈ ತೊಳೆಯದೆಯೇ ಮನೆಗೆ ಓಡಿ ಫೋನ್ ಎತ್ತಿದಳು.

"ಉಗ್ರಾಣದಲ್ಲಿ ಗೋಣಿಯ ಮೇಲೆ ಎಂತ ಇತ್ತು?"

"ಎಂತ ಇರ್ತದೆ, ಡಬ್ಬ..."

"ಅಜ್ಜಿಯ ಎಣ್ಣೆಬಟ್ಟೆ ಎಲ್ಲಿತ್ತು? ನೆನಪು ಮಾಡಿ."

"ಅಲ್ಲೇ. ಗೋಣಿಯ ಮೇಲೆ."

"ಮೊದಲು ಬಚ್ಚಲಿನ ಬುಟ್ಟಿಯಲ್ಲಿ. ಮತ್ತೆ ಮಂಚದ ಕಾಲ್ದೆಸೆಯ ಪೆಟ್ಟಿಗೆಯಲ್ಲಿ. ಅಜ್ಜಿ ಅದನ್ನು ಹೇಗೆ ಬಿಗಿದು ಕಟ್ತಾರೆ ನೋಡಿದ್ದೀರಲ್ಲ? ಅದು ಒಳಗೇ ಬೇಯ್ತದೆ. ಗೊಬ್ಬರದ ಹಾಗೆ."

"ಎಣ್ಣೆ ಬಟ್ಟೆ ತನ್ನಷ್ಟಕ್ಕೇ ಉರೀತದಾ? ಹಾಗಾದ್ರೆ ಬೆಳ್ಯಪ್ಪನ ಬಟ್ಟೆ ಯಾಕೆ ಉರಿಯುದಿಲ್ಲ?"

"ಅವನು ಎಲ್ಲಿ ಇಡ್ತಾನೆ?"

"ಬೇಲಿಯ ಮೇಲೆ ಬಿಸಾಡ್ತಾನೆ. ಅವನ ಅಪ್ಪನೂ ಹಾಗೇ ಮಾಡ್ತಿದ್ದ, ಯಾಕೆ ಅಂತ ಅವನಿಗೂ..." ಶ್ರೀರಾಮನ ಮಾತು ಅಲ್ಲಿಗೆ ನಿಂತಿತು. ಆಮೇಲೆ, "ಆದರೆ ಅಪ್ಪ ನಂಬ್ಲಿಕ್ಕಿಲ್ಲ. ನಾಡಿದ್ದು ಜೋಯಿಸರು ಬರ್ತಾರೆ," ಎಂದ.

"ನಾನು ನಾಳೆ ಬರ್ತೇನೆ. ಹೇಳಿದರೆ ನಂಬ್ಲಿಕ್ಕಿಲ್ಲ, ನೋಡಲಿ."

ಮರುದಿನ ಬೆಳಿಗ್ಗೆ ತಾಯಿಯೊಂದಿಗೆ ಬಸ್ಸಿಳಿದು ಬಂದ ಗಾನಶ್ರೀ ಮನೆಯೊಳಗೆ ಕಾಲಿಡಲಿಲ್ಲ. ಅಂಗಳದ ಮೆಟ್ಟಿಲಲ್ಲಿ ಕೂತಳು. ತನಗೆ ಬೇಕಾದದ್ದನ್ನು ಹೇಳಿದಳು. ಹಲಗೆಗೆ ಅತ್ತೆ ಎಣ್ಣೆ ಹಚ್ಚಬೇಕು. ಗಂಟನ್ನು ಅಜ್ಜಿ ತನ್ನ ಕೈಯಾರೆ, ಎಂದಿನ ಹಾಗೆಯೇ ಕಟ್ಟಬೇಕು. ಬುಟ್ಟಿಯಲ್ಲಿಟ್ಟು ಅಂಗಳದ ನಡುವೆ ಬಿಸಿಲಲ್ಲಿ ಇಡಬೇಕು. ತಾನು ಯಾವುದನ್ನೂ ಮುಟ್ಟುವುದಿಲ್ಲ.

"ಇದೆಂತ ಯಕ್ಷಗಾನ?" ಎಂದರು ಭಟ್ಟರು.

"ಉರಿಯದಿದ್ದರೆ ಎಂತ ಮಾಡ್ತಿ?" ರಾಜೀವಿ ಕೇಳಿದಳು.

"ಉರಿಯದಿದ್ದರೆ ನಾಳೆ ಪ್ರಶ್ನೆಗೆ ಕಾಯುದಿಲ್ಲ ಅತ್ತೆ. ಇವತ್ತೇ ಅಮ್ಮನ ಜೊತೆ ಹೋಗ್ತೇನೆ. ಮತ್ತೆ ಬರುದಿಲ್ಲ."

ತಾಯಿ ಬೆಚ್ಚಿ ಅವಳ ಭುಜ ಹಿಡಿದಳು. ಶ್ರೀರಾಮ, "ಹಾಗೆಲ್ಲ ಮಾತು ಕೊಡ್ಬೇಡ," ಎಂದ. ಮಾತು ಆಗಲೇ ಅಂಗಳಕ್ಕೆ ಬಿದ್ದಾಗಿತ್ತು.

ಗೋದಾವರಿಯಮ್ಮ ಮಿಂದು ಮಡಿಯುಟ್ಟು ಬಂದರು. ರಾಜೀವಿ ಎಣ್ಣೆ ಹಚ್ಚಿ ಕೊಟ್ಟ ಬಟ್ಟೆಗಳನ್ನು ಎಲ್ಲರ ಎದುರು ಮಡಚಿದರು, ಒತ್ತಿದರು, ಕಟ್ಟಿದರು. ಗಂಟು ಎರಡು ಸಲ ಜಾರಿತು. ಈ ಗಂಟು ಉರಿದರೆ ಕಟ್ಟಿದ ಕೈ ಯಾರದ್ದು ಎನ್ನುವುದು ಅವರಿಗೂ ಗೊತ್ತಿತ್ತು.

ಕಾಯುವುದು ಶುರುವಾಯಿತು. ಬುಟ್ಟಿ ಅಂಗಳದಲ್ಲಿ, ಮನೆಯವರು ಜಗಲಿಯಲ್ಲಿ. ಗಾನಶ್ರೀ ಮೆಟ್ಟಿಲ ಮೇಲೆ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಮೊಣಕಾಲ ಮೇಲಿಟ್ಟು ಕೂತಳು. ಸಫಿಯಮ್ಮ ಗೋಡೆಯಾಚೆ ಮಣೆ ಹಾಕಿಕೊಂಡು ನಿಂತು ಇಣುಕಿದಳು.

"ಎಂತ ಭಟ್ರೆ, ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿದಾ? ಎಲ್ಲರೂ ಮರಿ ಯಾವಾಗ ಬರ್ತದೆ ಅಂತ ನೋಡಿದ ಹಾಗೆ ಉಂಟಲ್ಲ!"

"ನೀವೊಂದು ಒಳಗೆ ಹೋಗಿ ಸಫಿಯಮ್ಮ."

"ನಾನು ಯಾಕೆ ಹೋಗುದು? ಬೆಂಕಿ ಬಿದ್ದರೆ ಗೋಡೆ ದಾಟಿ ನನ್ನ ಮನೆಗೇ ಬರುದಲ್ವ?"

ಊಟದ ಹೊತ್ತಾಯಿತು. ಜಗಲಿಯಲ್ಲೇ ಎಲೆ ಹಾಕಿದರು. ಸೌತೆಕಾಯಿಯ ಕೊದಿಲು, ಮಾವಿನಕಾಯಿ ಚಟ್ನಿ. ಬುಟ್ಟಿಗೆ ಬೆನ್ನು ಹಾಕಿ ಕೂರಲು ಯಾರಿಗೂ ಧೈರ್ಯವಿಲ್ಲದೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಗಾನಶ್ರೀ ಎದ್ದು ಬರಲಿಲ್ಲ. ತಾಯಿ ತುತ್ತು ಕಲಸಿ ಅವಳ ಬಾಯಿಗಿಟ್ಟಳು.

ನೆರಳು ಬುಟ್ಟಿಯ ಇನ್ನೊಂದು ಬದಿಗೆ ಸರಿಯಿತು. ಏನೂ ಆಗಲಿಲ್ಲ. ಒಂದು ಕಾಗೆ ಬಂದು ಬುಟ್ಟಿಯ ಅಂಚಿನಲ್ಲಿ ಕೂತು, ಬಾಳೆಲೆಯನ್ನು ಕುಕ್ಕಿ ಹಾರಿಹೋಯಿತು.

"ಸಾಕು ನಾಟಕ," ಭಟ್ಟರು ಎದ್ದರು. "ಹಳೆ ಬಟ್ಟೆ ಹಳೆ ಬಟ್ಟೆಯೇ. ಚಾತ್ತ ಕಾಯುದು ಯಾರನ್ನು ಅಂತ ನನಗೆ ಗೊತ್ತುಂಟು. ನಾಳೆಗೆ ಜೋಯಿಸರಿಗೆ ಒಮ್ಮೆ ನೆನಪು ಮಾಡ್ತೇನೆ." ಫೋನ್ ಹಿಡಿದು ಒಳಗೆ ಹೋದರು.

ರಾಜೀವಿ ಎಲೆ ತೆಗೆಯತೊಡಗಿದಳು. ಗಾನಶ್ರೀಯ ತಾಯಿ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಶ್ರೀರಾಮ ಹೆಂಡತಿಯ ಪಕ್ಕ ಬಂದು ಕೂತ.

"ಇನ್ನೂ ಸ್ವಲ್ಪ ನೋಡುವ," ಎಂದ. ಅವನ ದನಿಯಲ್ಲಿ ಬಲ ಇರಲಿಲ್ಲ.

"ನನ್ನ ಪಕ್ಕ ಕೂರ್ಬೇಡಿ," ಎಂದಳು ಗಾನಶ್ರೀ. ಅಂಗೈಗಳನ್ನೇ ನೋಡುತ್ತಿದ್ದಳು. "ದೂರ ಕೂರಿ. ದಮ್ಮಯ್ಯ."

ಎಷ್ಟು ಹೊತ್ತು ಹಾಗೆ ಕೂತರೋ. ಮೊದಲು ವಾಸನೆ ಹಿಡಿದದ್ದು ಗೋದಾವರಿಯಮ್ಮ. ಬಚ್ಚಲುಮನೆಯಲ್ಲಿ, ಕೋಣೆಯಲ್ಲಿ, ಉಗ್ರಾಣದಲ್ಲಿ ಹಿಡಿದಿದ್ದ ಅದೇ ಕಮಟು. ಅವರು ಜಗಲಿಯ ಕಂಬ ಹಿಡಿದು ಎದ್ದು ನಿಂತರು. ಬಾಳೆಲೆಯ ನಡುವೆ ಒಂದು ಕಂದು ಮಚ್ಚೆ ಕಾಣಿಸಿ, ಅದು ಅಗಲವಾಗಿ, ಅದರ ನಡುವಿನಿಂದ ದಾರದಷ್ಟು ತೆಳ್ಳಗೆ ಹೊಗೆ ಮೇಲೆದ್ದಿತು. ದಾರ ಹಗ್ಗವಾಯಿತು.

"ಯಾ ಅಲ್ಲಾ," ಎಂದಳು ಗೋಡೆಯಾಚೆ ಸಫಿಯಮ್ಮ.

ರಾಜೀವಿಯ ಕೈಯಿಂದ ಎಂಜಲೆಲೆ ಜಾರಿ ಬಿತ್ತು. ಭುಗ್ಗೆಂಬ ಸಣ್ಣ ಸದ್ದು. ಎಲೆಯನ್ನು ಸೀಳಿ ಬೆಂಕಿಯ ನಾಲಗೆ ಹೊರಗೆ ಬಂತು. ಹಗಲಿನ ಬಿಸಿಲಿನಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ, ಅದರ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು.

ಗೋದಾವರಿಯಮ್ಮ ಮಡಿಯನ್ನೂ ಮರೆತು ಅಂಗಳಕ್ಕೆ ಇಳಿದರು. ಕೈತೊಳೆಯಲು ಇಟ್ಟಿದ್ದ ಕೊಡಪಾನವನ್ನು ಎರಡೂ ಕೈಯಲ್ಲಿ ಎತ್ತಿದರು.

"ಅಜ್ಜಿ, ನೀರು ಹಾಕ್ಬೇಡಿ."

"ಉರೀತಾ ಉಂಟು ಮಗಾ!"

"ಉರೀಲಿ. ಮಾವ ಇನ್ನೂ ನೋಡಿ ಆಗ್ಲಿಲ್ಲ."

ಗಾನಶ್ರೀಯ ದನಿ ಜೋರಾಗಿರಲಿಲ್ಲ. ಆದರೂ ಅಜ್ಜಿ ನಿಂತರು. ಕೊಡಪಾನದ ನೀರು ಅವರ ಸೀರೆಯ ನೆರಿಗೆಗೆ ಚೆಲ್ಲುತ್ತಿತ್ತು. ಅವರು ಬೆಂಕಿಯನ್ನು ನೋಡಿದರು, ಆಮೇಲೆ ತನ್ನ ಬೆರಳುಗಳನ್ನು ನೋಡಿದರು, ಆಮೇಲೆ ಮೆಟ್ಟಿಲಲ್ಲಿ ಕೂತವಳನ್ನು ನೋಡಿದರು. ಕೊಡಪಾನವನ್ನು ಕೆಳಗಿಟ್ಟರು.

"ಅಪ್ಪಾ!" ಶ್ರೀರಾಮ ಒಳಗೆ ಕೂಗಿದ. "ಅಪ್ಪಾ, ಬೇಗ ಬನ್ನಿ!"

ಭಟ್ಟರು ಕಿವಿಗೆ ಫೋನ್ ಒತ್ತಿಕೊಂಡೇ ಜಗಲಿಗೆ ಬಂದರು. ಬುಟ್ಟಿ ಆಗ ಸುತ್ತಲೂ ಹತ್ತಿಕೊಂಡಿತ್ತು. ಬಿದಿರು ಚಟಚಟನೆ ಸಿಡಿಯುತ್ತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಸೊಸೆ ಅಷ್ಟು ದೂರದಲ್ಲಿ, ಬರಿದಾದ ಅಂಗೈಗಳನ್ನು ಮೊಣಕಾಲ ಮೇಲಿಟ್ಟು ಕೂತಿದ್ದಳು.

ಭಟ್ಟರ ಫೋನು ಹಿಡಿದ ಕೈ ಮೆಲ್ಲಗೆ ಕೆಳಗೆ ಇಳಿಯಿತು. ಅದರೊಳಗಿಂದ ಜೋಯಿಸರ ದನಿ ಸಣ್ಣದಾಗಿ ಕೇಳುತ್ತಲೇ ಇತ್ತು. "ಭಟ್ರೇ? ಕೇಳ್ತದಾ? ನಾಳೆ ನಾವು ಬರುದಾ ಹೇಗೆ?"

"ಹೇಳಿ ಮಾವ," ಎಂದಳು ಗಾನಶ್ರೀ. "ಅವರು ಕಾಯ್ತಾ ಇದ್ದಾರೆ."